ಲೇಬಲ್ ಪ್ರಿಂಟರಿಗೆ ಯಾವ ಸಂಪರ್ಕ ಸರಿ? ಮುಂಬೈ, ಪುಣೆ, ಗೋವಾದ ಕನ್ನಡಿಗ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

ಮುಂಬೈಯ ಭಾಂಡುಪಿನ ಒಂದು ಗಾಲಾದಲ್ಲಿ (ಕೈಗಾರಿಕಾ ಸಂಕೀರ್ಣದ ಮಳಿಗೆಯಲ್ಲಿ) ಚಕ್ಕುಲಿ, ಖಾರದ ಶೇವು, ಬಾಳೆಕಾಯಿ ಚಿಪ್ಸು ತಯಾರಿಸಿ ಅಂಗಡಿಗಳಿಗೆ ಕೊಡುವ ನಮ್ಮೂರ ಕಡೆಯ ಕುಟುಂಬವೊಂದಿದೆ. ಚೌತಿಯ ಹಿಂದಿನ ವಾರ ನಾನು ಅಲ್ಲಿಗೆ ಹೋದಾಗ ಪ್ರಿಂಟರ್ ಕೆಳಗೆ ಯಜಮಾನರ ಮೇಜಿನ ಮೇಲಿತ್ತು, ಪೊಟ್ಟಣ ಕಟ್ಟುವವರು ಅಟ್ಟದ ಮೇಲಿದ್ದರು. ಒಬ್ಬ ಹುಡುಗನಿಗೆ ಲೇಬಲ್ಲುಗಳನ್ನು ಹಿಡಿದು ಕಬ್ಬಿಣದ ಮೆಟ್ಟಿಲು ಹತ್ತಿ ಇಳಿಯುವುದೇ ದಿನವಿಡೀ ಕೆಲಸವಾಗಿತ್ತು. ಹಿಂದಿನ ದಿನ 200 ಗ್ರಾಮಿನ ಲೇಬಲ್ಲು 500 ಗ್ರಾಮಿನ ಪೊಟ್ಟಣಕ್ಕೆ ಅಂಟಿ, ಮಾಲು ಅಂಗಡಿಯಿಂದ ವಾಪಸು ಬಂದಿತ್ತು. ಪ್ರಿಂಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಅದರ ಹಿಂಬದಿಯಲ್ಲಿ ಯುಎಸ್‌ಬಿ ಕಿಂಡಿ ಒಂದೇ ಇದ್ದುದರಿಂದ ಅದು ಕಂಪ್ಯೂಟರಿನ ಪಕ್ಕ ಬಿಟ್ಟು ಬೇರೆಲ್ಲೂ ಕೂರುವಂತಿರಲಿಲ್ಲ, ಅಷ್ಟೆ. ಕೊಳ್ಳುವಾಗ ಅದರ ವೇಗ, ರೋಲಿನ ದರ, ವಾರಂಟಿ ಎಲ್ಲವನ್ನೂ ವಿಚಾರಿಸಿದ್ದರು; ವೈರು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಲೇಬಲ್ಲು ಅಂಟಿಸುವ ಕೈ ಎಲ್ಲಿದೆಯೋ ಪ್ರಿಂಟರ್ ಅಲ್ಲಿರಬೇಕು. ಅಲ್ಲಿಗೆ ಆಜ್ಞೆಯನ್ನು ತಪ್ಪದೆ ತಲುಪಿಸುವ ದಾರಿ ಯಾವುದೋ ಅದೇ ಸರಿಯಾದ ಸಂಪರ್ಕ. ಈ ಬರಹದ ಎಲ್ಲ ಹೆಜ್ಜೆಗಳೂ ಈ ಒಂದು ಮಾತನ್ನು ಆಧರಿಸಿವೆ.

ಹೆಜ್ಜೆ 1: ಅಂಗಡಿಗೆ ಹೋಗುವ ಮುನ್ನ ಕಾಗದದ ಮೇಲೆ ನಕ್ಷೆ ಬರೆಯಿರಿ

ನಿಮ್ಮ ಗಾಲಾ, ಗೋದಾಮು ಅಥವಾ ಅಂಗಡಿಯ ನಕ್ಷೆಯನ್ನು ಒಂದು ಹಾಳೆಯ ಮೇಲೆ ಗೀಚಿಕೊಳ್ಳಿ. ಅದರಲ್ಲಿ ಲೇಬಲ್ಲು ಅಂಟುವ ಜಾಗ, ಬಿಲ್ಲಿಂಗ್ ಕಂಪ್ಯೂಟರ್ ಇರುವ ಜಾಗ, ಇಂಟರ್‌ನೆಟ್ ರೂಟರ್ ತೂಗುಹಾಕಿದ ಜಾಗ, ಕರೆಂಟಿನ ಪ್ಲಗ್ ಇರುವ ಜಾಗ, ಈ ನಾಲ್ಕನ್ನು ಗುರುತಿಸಿ, ನಡುವಿನ ಅಂತರವನ್ನು ಟೇಪು ಹಿಡಿದು ಅಳೆಯಿರಿ. ಕಣ್ಣಂದಾಜು ಇಲ್ಲಿ ಸಾಲದು. ವೈರು ಗೋಡೆಯ ಅಂಚಿನಲ್ಲಿ ಹತ್ತಿ ಬಾಗಿಲ ಚೌಕಟ್ಟು ಸುತ್ತಿಕೊಂಡು ಹೋಗುವುದರಿಂದ, ನಾಲ್ಕು ಮೀಟರಿನಂತೆ ಕಾಣುವ ಅಂತರಕ್ಕೆ ಒಂಬತ್ತು ಮೀಟರ್ ವೈರು ಬೇಕಾಗುವುದುಂಟು.

ಅದೇ ಹಾಳೆಯ ಕೆಳಗೆ ಇನ್ನು ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮುದ್ರಿಸು ಎಂಬ ಆಜ್ಞೆ ಯಾವುದರಿಂದ ಬರುತ್ತದೆ: ಕಂಪ್ಯೂಟರಿನಿಂದಲೋ, ಮೊಬೈಲಿನಿಂದಲೋ, ತೂಕದ ಯಂತ್ರದಿಂದಲೋ? ಆಜ್ಞೆ ಕೊಡುವವರು ಒಬ್ಬರೇ, ಹಲವರೇ? ಪ್ರಿಂಟರ್ ಒಂದೇ ಕಡೆ ಕೂರುತ್ತದೆಯೇ, ರ್‍ಯಾಕಿನಿಂದ ರ್‍ಯಾಕಿಗೆ ಓಡಾಡಬೇಕೇ? ಈ ಮೂರನ್ನು ಪ್ರಾಮಾಣಿಕವಾಗಿ ಬರೆದರೆ ಅರ್ಧ ನಿರ್ಣಯ ಅಲ್ಲೇ ಆಗಿಬಿಡುತ್ತದೆ. ಒಂದು ವರ್ಷದ ನಂತರ ಈ ಉತ್ತರಗಳು ಏನಾಗಿರುತ್ತವೆ ಎಂಬುದನ್ನೂ ಪಕ್ಕದಲ್ಲಿ ಬರೆದಿಡಿ, ಏಕೆಂದರೆ ಲೇಬಲ್ ಪ್ರಿಂಟರನ್ನು ಯಾರೂ ವರ್ಷಕ್ಕೊಂದರಂತೆ ಕೊಳ್ಳುವುದಿಲ್ಲ.

ಹೆಜ್ಜೆ 2: ಒಂದು ಲೇಬಲ್ಲಿನ ಮಾಹಿತಿ ಎಷ್ಟು ಎಂದು ಲೆಕ್ಕಹಾಕಿ

ಹೆಚ್ಚಿನವರು ಸಂಪರ್ಕವನ್ನು ವೇಗದಿಂದ ಅಳೆಯುತ್ತಾರೆ. ಒಮ್ಮೆ ಲೆಕ್ಕ ಹಾಕಿ ನೋಡಿದರೆ ಈ ಚಿಂತೆ ಬಹುಮಟ್ಟಿಗೆ ದೂರವಾಗುತ್ತದೆ. ಸಾಮಾನ್ಯ ಲೇಬಲ್ ಪ್ರಿಂಟರಿನ ಸಾಂದ್ರತೆ 203 ಡಿಪಿಐ, ಅಂದರೆ ಮಿಲಿಮೀಟರಿಗೆ 8 ಚುಕ್ಕೆ. ಕೊರಿಯರ್ ಪಾರ್ಸೆಲ್ಲಿಗೆ ಹಚ್ಚುವ 100 × 150 ಮಿ.ಮೀ. ಲೇಬಲ್ಲಿನಲ್ಲಿ 800 × 1200, ಅಂದರೆ 9,60,000 ಚುಕ್ಕೆಗಳಿರುತ್ತವೆ. ಎಂಟು ಚುಕ್ಕೆಗೆ ಒಂದು ಬೈಟಿನಂತೆ ಇಡೀ ಲೇಬಲ್ಲನ್ನು ಚಿತ್ರವಾಗಿ ಕಳುಹಿಸಿದರೂ ಅದು 1,20,000 ಬೈಟ್, ಸುಮಾರು 120 ಕಿಲೋಬೈಟ್ ಮಾತ್ರ. ವಾಟ್ಸ್‌ಆ್ಯಪಿನಲ್ಲಿ ಬರುವ ಒಂದು ಫೋಟೋ ಕೂಡ ಹಲವು ಬಾರಿ ಇದಕ್ಕಿಂತ ದೊಡ್ಡದಿರುತ್ತದೆ. ಸೆಕೆಂಡಿಗೆ 100 ಮಿ.ಮೀ. ಓಡುವ ಪ್ರಿಂಟರಿಗೆ ಈ ಲೇಬಲ್ಲನ್ನು ಹೊರಹಾಕಲು ಒಂದೂವರೆ ಸೆಕೆಂಡು ಬೇಕು. ಸುಸ್ಥಿತಿಯಲ್ಲಿರುವ ಯುಎಸ್‌ಬಿ, ಲ್ಯಾನ್ (ರೂಟರಿಗೆ ಹೋಗುವ ಜಾಲದ ವೈರು) ಅಥವಾ ವೈಫೈ ಅದಕ್ಕಿಂತ ಬೇಗನೆ ಮಾಹಿತಿಯನ್ನು ಮುಟ್ಟಿಸಿಬಿಡುತ್ತದೆ.

ವೇಗದ ಪ್ರಶ್ನೆ ನಿಜವಾಗಿ ಏಳುವುದು ಎರಡೇ ಕಡೆ: ತೂಕದ ಯಂತ್ರಗಳಲ್ಲಿ ಬರುವ ಹಳೆಯ ಸೀರಿಯಲ್ ವೈರಿನಲ್ಲಿ ಮತ್ತು ಬ್ಲೂಟೂತಿನಲ್ಲಿ. ಇದಕ್ಕೂ ನಮ್ಮ ಭಾಷೆಗೂ ಒಂದು ಸಂಬಂಧವಿದೆ. ಲೇಬಲ್ ಪ್ರಿಂಟರುಗಳಿಗೆ ಜೆಡ್‌ಪಿಎಲ್, ಟಿಎಸ್‌ಪಿಎಲ್ ಮುಂತಾದ ತಮ್ಮದೇ ಆಜ್ಞಾಭಾಷೆಗಳಿವೆ. ‘ಇಲ್ಲಿ ಈ ಅಕ್ಷರ, ಅಲ್ಲಿ ಈ ಬಾರ್‌ಕೋಡ್’ ಎಂದು ಆ ಭಾಷೆಯಲ್ಲಿ ಹೇಳಿದರೆ ಒಂದು ಲೇಬಲ್ಲಿಗೆ ಒಂದೆರಡು ಕಿಲೋಬೈಟ್ ಸಾಕು, ಏಕೆಂದರೆ ಇಂಗ್ಲಿಷ್ ಅಕ್ಷರಗಳೂ ಬಾರ್‌ಕೋಡ್ ಗೀಚುವ ವಿದ್ಯೆಯೂ ಪ್ರಿಂಟರಿನ ಒಳಗೇ ಇರುತ್ತವೆ. ಕನ್ನಡ ಅಥವಾ ಮರಾಠಿ ಹಾಗಲ್ಲ. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಕೂಡಿಸುವ ಕೆಲಸವನ್ನು ಸಾಮಾನ್ಯವಾಗಿ ಕಂಪ್ಯೂಟರೇ ಮಾಡಿ, ಆ ಭಾಗವನ್ನು ಚಿತ್ರವಾಗಿ ಪ್ರಿಂಟರಿಗೆ ಕಳುಹಿಸುತ್ತದೆ. ಪೊಟ್ಟಣದ ಕಡ್ಡಾಯ ವಿವರಗಳು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕು, ಜೊತೆಗೆ ಬೇರೆ ಭಾಷೆಯನ್ನೂ ಸೇರಿಸಬಹುದು. ಆದ್ದರಿಂದ ಮಾಟುಂಗದಲ್ಲಿ ಉಪ್ಪಿನಕಾಯಿ ಮಾರುವವರು ‘ಅಪ್ಪೆಮಿಡಿ’ ಎಂದು ದೊಡ್ಡದಾಗಿ ಕನ್ನಡದಲ್ಲೇ ಮುದ್ರಿಸಬಹುದು, ಮುದ್ರಿಸಲೂಬೇಕೆಂದು ನನ್ನ ಆಸೆ. ಆದರೆ ಆ ಒಂದು ಪದಕ್ಕಾಗಿ ಲೇಬಲ್ಲಿನ ಮಾಹಿತಿ ಹಲವು ಪಟ್ಟು ಹಿಗ್ಗುತ್ತದೆ ಎಂಬುದನ್ನು ತಿಳಿದು ಸಂಪರ್ಕವನ್ನು ಆರಿಸಬೇಕು.

ಹೆಜ್ಜೆ 3: ಯುಎಸ್‌ಬಿ ಸಾಕಾಗುವುದೇ ಎಂದು ಪರೀಕ್ಷಿಸಿ

ಒಂದೇ ಕಂಪ್ಯೂಟರ್, ಅದರ ಪಕ್ಕದಲ್ಲೇ ಪ್ರಿಂಟರ್, ಅಲ್ಲೇ ಲೇಬಲ್ಲು ಅಂಟಿಸುವ ಮೇಜು: ಇಷ್ಟಿದ್ದರೆ ಯುಎಸ್‌ಬಿ ಸಾಕು. ಡೊಂಬಿವಲಿಯ ಮನೆಯಲ್ಲಿ ಕುಳಿತು ಆನ್‌ಲೈನಿನಲ್ಲಿ ಸೀರೆ ಮಾರುವ ಹೆಂಗಸರಿಗೆ ನಾನು ಇದನ್ನೇ ಹೇಳುತ್ತೇನೆ. ಅಳವಡಿಕೆ ಸುಲಭ, ಖರ್ಚು ಕಡಿಮೆ, ಇಂಟರ್‌ನೆಟ್ ಇಲ್ಲದಿದ್ದರೂ ಮುದ್ರಣ ನಿಲ್ಲುವುದಿಲ್ಲ.

ಅದರ ಮಿತಿಗಳೂ ಸ್ಪಷ್ಟವಾಗಿವೆ. ಯುಎಸ್‌ಬಿ 2.0 ವೈರಿನ ಉದ್ದ 5 ಮೀಟರ್ ಮೀರಬಾರದು. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹತ್ತು ಮೀಟರಿನ ವೈರೂ ಸಿಗುತ್ತದೆ. ಆದರೆ ಅದನ್ನು ಹಾಕಿದ ಮೇಲೆ ಪ್ರಿಂಟರ್ ಕೆಲವು ಸಲ ಕಾಣಿಸಿಕೊಂಡು ಕೆಲವು ಸಲ ಮಾಯವಾಗತೊಡಗಿದರೆ ಪ್ರಿಂಟರನ್ನು ದೂರಬಾರದು. ಎರಡನೆಯದಾಗಿ, ವೈರನ್ನು ಕಂಪ್ಯೂಟರಿನ ಒಂದು ಕಿಂಡಿಯಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರೆಂದು ತಿಳಿದು, ಹೆಸರಿನ ಕೊನೆಗೆ ‘ಕಾಪಿ 1’ ಎಂದು ಸೇರಿಸಿ ಇನ್ನೊಂದನ್ನು ಸೃಷ್ಟಿಸುವುದುಂಟು. ಬಿಲ್ಲಿಂಗ್ ಸಾಫ್ಟ್‌ವೇರ್ ಹಳೆಯ ಹೆಸರಿಗೇ ಕಳುಹಿಸುತ್ತಿರುತ್ತದೆ, ಲೇಬಲ್ಲು ಬರುವುದಿಲ್ಲ. ಆದ್ದರಿಂದ ಯಾವ ಕಿಂಡಿಗೆ ಹಾಕಿದ್ದೀರೋ ಅದರ ಪಕ್ಕ ಬಣ್ಣದ ಚೀಟಿಯೊಂದನ್ನು ಅಂಟಿಸಿ, ಕಸ ಗುಡಿಸುವಾಗ ಕಿತ್ತರೂ ಅಲ್ಲಿಗೇ ಮರಳಿ ಹಾಕುವಂತೆ ಎಲ್ಲರಿಗೂ ಹೇಳಿಡಿ.

ಮೂರನೆಯ ಮಿತಿ ಹೆಚ್ಚು ತೊಂದರೆ ಕೊಡುವಂಥದ್ದು. ಎರಡನೆಯ ಕಂಪ್ಯೂಟರ್ ಬಂದಾಗ ಹಲವರು ಮೊದಲನೆಯದರಿಂದ ಪ್ರಿಂಟರನ್ನು ‘ಶೇರ್’ ಮಾಡುತ್ತಾರೆ. ಆಗ ಮೊದಲನೆಯ ಕಂಪ್ಯೂಟರ್ ಸದಾ ಚಾಲೂ ಇರಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ವಿಂಡೋಸಿನ ಮುದ್ರಣ ವ್ಯವಸ್ಥೆಯಲ್ಲಿ 2021ರಲ್ಲಿ ಗಂಭೀರವಾದ ಭದ್ರತಾ ದೋಷಗಳು ಬೆಳಕಿಗೆ ಬಂದ ಬಳಿಕ ಮೈಕ್ರೋಸಾಫ್ಟ್ ತಂದ ಬಿಗಿ ನಿಯಮಗಳಿಂದ ಇಂಥ ಶೇರಿಂಗ್ ಎಷ್ಟೋ ಕಡೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಇಬ್ಬರು ಮುದ್ರಿಸಬೇಕೆಂದಾದರೆ ಶೇರಿಂಗನ್ನು ನೆಚ್ಚಿಕೊಳ್ಳದೆ ಮುಂದಿನ ಹೆಜ್ಜೆಗೆ ಬನ್ನಿ.

ಹೆಜ್ಜೆ 4: ಪ್ರಿಂಟರ್ ಕದಲದಿದ್ದರೆ ಲ್ಯಾನ್ ವೈರನ್ನೇ ಮೊದಲು ಯೋಚಿಸಿ

ಒಂದೇ ಕಡೆ ಕೂರುವ, ಒಂದಕ್ಕಿಂತ ಹೆಚ್ಚು ಜನ ಬಳಸುವ ಪ್ರಿಂಟರಿಗೆ ಈಥರ್‌ನೆಟ್, ಅಂದರೆ ನಾವು ದಿನಬಳಕೆಯಲ್ಲಿ ಲ್ಯಾನ್ ಎನ್ನುವ ಸಂಪರ್ಕಕ್ಕೆ ಸಮನಾದದ್ದು ಬೇರೊಂದಿಲ್ಲ ಎಂಬುದು ನನ್ನ ಅನುಭವದಿಂದ ಗಟ್ಟಿಯಾದ ಅಭಿಪ್ರಾಯ. ಕ್ಯಾಟ್-5ಇ ಅಥವಾ ಕ್ಯಾಟ್-6 ವೈರು ಒಂದು ಸ್ವಿಚ್ಚಿನಿಂದ (ಹಲವು ಲ್ಯಾನ್ ವೈರುಗಳನ್ನು ಕೂಡಿಸುವ ಪೆಟ್ಟಿಗೆಯಿಂದ) 100 ಮೀಟರಿನವರೆಗೆ ಹೋಗುತ್ತದೆ. ಭಾಂಡುಪಿನ ಆ ಗಾಲಾದಲ್ಲಿ ಕೊನೆಗೆ ಮಾಡಿದ್ದೂ ಇದೇ. ಲ್ಯಾನ್ ಕಿಂಡಿಯಿದ್ದ ಪ್ರಿಂಟರನ್ನು ಅಟ್ಟದ ಮೇಲೆ ಪ್ಯಾಕಿಂಗ್ ಮೇಜಿನ ಪಕ್ಕಕ್ಕೇ ಇಟ್ಟು, ಕೆಳಗಿನ ರೂಟರಿನಿಂದ ಹದಿನೆಂಟು ಮೀಟರ್ ವೈರನ್ನು ಪಟ್ಟಿಯೊಳಗೆ ಎಳೆದೆವು. ಆಜ್ಞೆ ಕೆಳಗಿನಿಂದ ಹೋಗುತ್ತದೆ, ಲೇಬಲ್ಲು ಮೇಲೆ ಬರುತ್ತದೆ. ಆ ಹುಡುಗ ಈಗ ಪೊಟ್ಟಣ ತೂಗುತ್ತಾನೆ.

ಲ್ಯಾನಿನ ಇನ್ನೊಂದು ಗುಣವೆಂದರೆ ಪ್ರಿಂಟರ್ ಯಾವ ಕಂಪ್ಯೂಟರಿನ ಅಧೀನವೂ ಅಲ್ಲ. ಬಿಲ್ಲಿಂಗ್ ಕಂಪ್ಯೂಟರ್ ಕೆಟ್ಟರೆ ಅದೇ ಜಾಲದಲ್ಲಿರುವ ಲ್ಯಾಪ್‌ಟಾಪಿನಿಂದ ಕೆಲಸ ಮುಂದುವರಿಯುತ್ತದೆ. ಇಂಟರ್‌ನೆಟ್ ಕಡಿದುಹೋದರೂ ರೂಟರಿಗೂ ಪ್ರಿಂಟರಿಗೂ ಕರೆಂಟು ಇರುವ ತನಕ ಒಳಗಿನ ಜಾಲ ನಡೆಯುತ್ತಲೇ ಇರುತ್ತದೆ. ಇವೆರಡೂ ಬೇರೆಬೇರೆ ಎಂಬುದು ಎಷ್ಟೋ ವ್ಯಾಪಾರಿಗಳಿಗೆ ಗೊತ್ತಿಲ್ಲ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ.

ಎಚ್ಚರ ವಹಿಸಬೇಕಾದ ಸಂದರ್ಭವೂ ಒಂದಿದೆ. ಎರಡು ಬೇರೆ ಕಟ್ಟಡಗಳ ಅಥವಾ ಶೆಡ್ಡುಗಳ ನಡುವೆ ಬಯಲಿನಲ್ಲಿ ತಾಮ್ರದ ಲ್ಯಾನ್ ವೈರನ್ನು ತೂಗುಹಾಕಬೇಡಿ. ಕೊಂಕಣದಲ್ಲೂ ಗೋವಾದಲ್ಲೂ ಮಳೆಗಾಲದ ಮುಂಚಿನ ಮೇ ತಿಂಗಳಿನಲ್ಲಿ, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಗುಡುಗು ಸಿಡಿಲಿನ ಅಬ್ಬರ ಜಾಸ್ತಿ. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದಾಗ ಆ ವೈರಿನಲ್ಲಿ ನುಗ್ಗುವ ವಿದ್ಯುತ್ತು ಎರಡೂ ತುದಿಯ ಸ್ವಿಚ್ಚುಗಳನ್ನೂ ಪ್ರಿಂಟರಿನ ಲ್ಯಾನ್ ಕಿಂಡಿಯನ್ನೂ ಸುಟ್ಟುಬಿಡಬಲ್ಲದು. ಅಲ್ಲಿ ಫೈಬರ್ ಎಳೆದು ಎರಡೂ ತುದಿಗೆ ಬೆಳಕನ್ನೂ ವಿದ್ಯುತ್ ಸಂಕೇತವನ್ನೂ ಪರಸ್ಪರ ಬದಲಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತು ಹರಿಯುವುದಿಲ್ಲ.

ಹೆಜ್ಜೆ 5: ವೈರು ಎಳೆಯಲಾಗದಿದ್ದರೆ ವೈಫೈ, ಅದೂ ಪರೀಕ್ಷಿಸಿದ ಮೇಲೆ

ಬಾಡಿಗೆ ಅಂಗಡಿಯ ಗೋಡೆ ಕೊರೆಯಲು ಮಾಲೀಕರು ಬಿಡದಿದ್ದರೆ, ಅಥವಾ ಮೇಜುಗಳ ಜಾಗ ಆಗಾಗ ಬದಲಾಗುತ್ತಿದ್ದರೆ ವೈಫೈ ಬೇಕಾಗುತ್ತದೆ. ಬಹಳಷ್ಟು ಲೇಬಲ್ ಪ್ರಿಂಟರುಗಳ ವೈಫೈ 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಹಿಡಿಯುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ತರಂಗ ಹಿಡಿಯುವಂಥವು ದುಬಾರಿ. 2.4 ಗಿಗಾಹರ್ಟ್ಸ್ ಗೋಡೆಗಳನ್ನು ಹೆಚ್ಚು ಸಲೀಸಾಗಿ ದಾಟುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಎಂಬ ಮೂರೇ. ಒಂದೇ ಮಹಡಿಯಲ್ಲಿ ಇಪ್ಪತ್ತು ಗಾಲಾಗಳು, ಪ್ರತಿಯೊಂದಕ್ಕೂ ಒಂದು ರೂಟರ್ ಇರುವ ಮುಂಬೈಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಈ ಮೂರು ದಾರಿಗಳು ಸಂಜೆಯ ದಾದರ್ ಸೇತುವೆಯಂತೆ ತುಂಬಿರುತ್ತವೆ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ವೈಫೈ ಅನಲೈಸರ್ ಆ್ಯಪಿನಿಂದ ಯಾವ ಚಾನೆಲ್ಲು ಖಾಲಿಯಿದೆ ಎಂದು ನೋಡಿ, ರೂಟರನ್ನು ಅದರಲ್ಲಿ ಸ್ಥಿರವಾಗಿ ನಿಲ್ಲಿಸಿ. 12 ಮತ್ತು 13ನೆಯ ಚಾನೆಲ್ಲುಗಳನ್ನು ಭಾರತದಲ್ಲಿ ಬಳಸಬಹುದಾದರೂ ಕೆಲವು ಪ್ರಿಂಟರುಗಳು ಅವನ್ನು ಹಿಡಿಯುವುದಿಲ್ಲ, ಆದ್ದರಿಂದ ಅವುಗಳ ಗೊಡವೆಗೆ ಹೋಗದಿರುವುದು ಲೇಸು.

ಕಟ್ಟಡದ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಭಿವಂಡಿ, ಚಾಕಣದ ತಗಡಿನ ಶೆಡ್ಡುಗಳಲ್ಲಿ ತರಂಗಗಳು ಛಾವಣಿಗೂ ಕಬ್ಬಿಣದ ರ್‍ಯಾಕುಗಳಿಗೂ ಬಡಿದು ಹಿಂದಿರುಗುತ್ತವೆ. ಖಾಲಿ ಗೋದಾಮಿನಲ್ಲಿ ಚೆನ್ನಾಗಿ ಸಿಕ್ಕ ಸಿಗ್ನಲ್ಲು ಮಾಲು ತುಂಬಿದ ಮೇಲೆ ಸಿಗದೆ ಹೋಗುವುದು ಸಾಮಾನ್ಯ, ಅದರಲ್ಲೂ ನೀರಿನ ಬಾಟಲಿ, ಎಣ್ಣೆ ಡಬ್ಬಗಳಂಥ ದ್ರವದ ಮಾಲಿದ್ದರೆ. ಮಡಗಾಂವಿನಲ್ಲಿ ಹಳೆಯ ಮನೆಯೊಂದರ ಮುಂಭಾಗದಲ್ಲಿ ಗೇರುಬೀಜ, ಕೋಕಂ ಮಾರುತ್ತಿದ್ದ ಕಾರವಾರ ಮೂಲದ ಪರಿಚಿತರಿಗೆ ರೂಟರಿನಿಂದ ಬರೇ ಆರು ಮೀಟರ್ ದೂರದಲ್ಲಿದ್ದ ಪ್ರಿಂಟರ್ ದಿನಕ್ಕೆ ನಾಲ್ಕು ಬಾರಿ ಕೈಕೊಡುತ್ತಿತ್ತು. ನಡುವೆ ಒಂದೂವರೆ ಅಡಿ ದಪ್ಪದ ಕೆಂಪು ಕಲ್ಲಿನ ಗೋಡೆಗಳು ಎರಡಿದ್ದವು. ರೂಟರನ್ನು ಬದಲಿಸುವ ಮುನ್ನ ಪ್ರಿಂಟರ್ ಇರುವ ಕೋಣೆಗೆ ಒಂದು ವೈರು ಎಳೆದು ಅಲ್ಲೇ ವೈಫೈ ಹರಡುವ ಚಿಕ್ಕ ಆ್ಯಕ್ಸೆಸ್ ಪಾಯಿಂಟ್ ಇಟ್ಟೆವು, ತೊಂದರೆ ನಿಂತಿತು. ಅಲ್ಲಿತನಕ ವೈರು ಹೋದ ಮೇಲೆ ಪ್ರಿಂಟರಿಗೇ ಯಾಕೆ ಚುಚ್ಚಬಾರದು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಆ ಪ್ರಿಂಟರಿನಲ್ಲಿ ಲ್ಯಾನ್ ಕಿಂಡಿ ಇರಲಿಲ್ಲ.

ಹೊಸ ರೂಟರುಗಳು ಎರಡೂ ತರಂಗಗಳಿಗೆ ಒಂದೇ ಹೆಸರು ಕೊಡುತ್ತವೆ. ಪ್ರಿಂಟರನ್ನು ಸೇರಿಸುವಾಗ ಇದರಿಂದ ತೊಡಕಾದರೆ ರೂಟರಿನ ಸೆಟ್ಟಿಂಗಿಗೆ ಹೋಗಿ 2.4 ಗಿಗಾಹರ್ಟ್ಸಿಗೆ ಪ್ರತ್ಯೇಕ ಹೆಸರು ಇಡಿ. ವೈಫೈಯ ಹೊಸ ಭದ್ರತಾ ಪದ್ಧತಿಯಾದ ಡಬ್ಲ್ಯೂಪಿಎ3ನ್ನಷ್ಟೇ ಇಟ್ಟರೆ ಹಳೆಯ ಮಾದರಿಯ ಪ್ರಿಂಟರುಗಳು ಒಳಗೆ ಬರಲಾರವು. ಡಬ್ಲ್ಯೂಪಿಎ2 ಕೂಡ ಒಪ್ಪುವ ಮಿಶ್ರ ಕ್ರಮವನ್ನು ಇಟ್ಟುಕೊಳ್ಳಿ. ಗಿರಾಕಿಗಳಿಗೆಂದು ಕೊಡುವ ಗೆಸ್ಟ್ ವೈಫೈಗೆ ಪ್ರಿಂಟರನ್ನು ಸೇರಿಸಬೇಡಿ, ಏಕೆಂದರೆ ಅದರಲ್ಲಿ ಒಂದು ಸಾಧನ ಇನ್ನೊಂದನ್ನು ಕಾಣದಂತೆ ಸಾಮಾನ್ಯವಾಗಿ ತಡೆ ಹಾಕಿರುತ್ತಾರೆ.

ಹೆಜ್ಜೆ 6: ಮೊಬೈಲ್ ಮತ್ತು ಓಡಾಟದ ಕೆಲಸಕ್ಕೆ ಬ್ಲೂಟೂತ್

ವಾಶಿಯ ಮಾರುಕಟ್ಟೆಯಲ್ಲಿ ಸೊಂಟಕ್ಕೆ ಪುಟ್ಟ ಪ್ರಿಂಟರ್ ಸಿಕ್ಕಿಸಿಕೊಂಡು ಚೀಲ ಚೀಲಕ್ಕೆ ಚೀಟಿ ಹಚ್ಚುವವನಿಗೆ ವೈರಿನಿಂದಾಗಲಿ ರೂಟರಿನಿಂದಾಗಲಿ ಉಪಯೋಗವಿಲ್ಲ. ಅವನಿಗೆ ಬ್ಲೂಟೂತ್ ಬೇಕು. ಇಂಥ ಸಾಧನಗಳು ಸುಮಾರು 10 ಮೀಟರ್ ಅಂತರದವರೆಗೆ ನಡೆಯುತ್ತವೆ, ನಡುವೆ ಗೋಡೆಯೋ ಮನುಷ್ಯರೋ ಬಂದರೆ ಇನ್ನೂ ಕಡಿಮೆ. ಸಾಮಾನ್ಯವಾಗಿ ಒಂದು ಸಮಯದಲ್ಲಿ ಒಂದೇ ಫೋನು ಪ್ರಿಂಟರನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೊದಲನೆಯವರು ಬಿಡುವ ತನಕ ಎರಡನೆಯವರು ಕಾಯಬೇಕು. ಆದ್ದರಿಂದ ಮೂವರು ಹಂಚಿಕೊಳ್ಳುವ ಪ್ರಿಂಟರಿಗೆ ಬ್ಲೂಟೂತನ್ನು ನಂಬಬೇಡಿ.

ಕೊಳ್ಳುವ ಮುನ್ನ ನಿಮ್ಮ ಕೈಯಲ್ಲಿರುವ ಫೋನು ಯಾವುದೆಂದು ನೋಡಿ. ಆಂಡ್ರಾಯ್ಡ್ ಫೋನುಗಳು ಹಳೆಯ ಬ್ಲೂಟೂತಿನ ಸೀರಿಯಲ್ ವಿಧಾನದಲ್ಲಿ ಪ್ರಿಂಟರುಗಳೊಡನೆ ಸುಲಭವಾಗಿ ಮಾತಾಡುತ್ತವೆ. ಐಫೋನು ಆ ವಿಧಾನದಲ್ಲಿ ಆ್ಯಪಲ್ಲಿನ ಅನುಮೋದನೆ ಪಡೆದ ಸಾಧನಗಳೊಡನೆ ಮಾತ್ರ ವ್ಯವಹರಿಸುತ್ತದೆ; ಇಲ್ಲವಾದರೆ ಪ್ರಿಂಟರಿನಲ್ಲಿ ಬ್ಲೂಟೂತ್ ಲೋ ಎನರ್ಜಿ ಮತ್ತು ಅದಕ್ಕೆ ಹೊಂದುವ ಆ್ಯಪ್ ಎರಡೂ ಇರಬೇಕು. ‘ಬ್ಲೂಟೂತ್ ಇದೆ’ ಎಂಬ ಅಂಗಡಿಯವನ ಒಂದು ಮಾತಿಗೆ ತೃಪ್ತರಾಗದೆ, ನಿಮ್ಮದೇ ಫೋನಿನಿಂದ, ನೀವು ಬಳಸುವ ಆ್ಯಪಿನಿಂದಲೇ ಒಂದು ಲೇಬಲ್ಲು ಮುದ್ರಿಸಿ ತೋರಿಸಲು ಕೇಳಿ.

ಪ್ರಿಂಟರೇ ಒಂದು ಪುಟ್ಟ ವೈಫೈ ಜಾಲ ಹುಟ್ಟಿಸುವ ವೈಫೈ ಡೈರೆಕ್ಟ್ ಎಂಬ ಸೌಕರ್ಯವೂ ಕೆಲವದರಲ್ಲಿದೆ. ಪ್ರದರ್ಶನ, ಜಾತ್ರೆಗಳ ಮಳಿಗೆಗೆ ಅದು ಆದೀತು.

ಹೆಜ್ಜೆ 7: ತೂಕದ ಯಂತ್ರವಿದ್ದರೆ ಸೀರಿಯಲ್ ಕಿಂಡಿಯನ್ನು ವಿಚಾರಿಸಿ

ಕಾರ್ಖಾನೆಯ ಹಲವು ತೂಕದ ಯಂತ್ರಗಳು ಇಂದಿಗೂ ಆರ್‌ಎಸ್-232 ಎಂಬ ಸೀರಿಯಲ್ ಸಂಪರ್ಕದಲ್ಲಿ ಮಾತಾಡುತ್ತವೆ. ಕಂಪ್ಯೂಟರ್ ಇಲ್ಲದೆ ಯಂತ್ರದಿಂದ ನೇರವಾಗಿ ಲೇಬಲ್ಲು ಬರಬೇಕಾದರೆ ಪ್ರಿಂಟರಿನಲ್ಲೂ ಆ ಕಿಂಡಿ ಇರಬೇಕು, ಮತ್ತು ಬಾಡ್ ರೇಟ್ (ಮಾಹಿತಿ ಹೋಗುವ ವೇಗ), ಪ್ಯಾರಿಟಿ, ಸ್ಟಾಪ್ ಬಿಟ್ ಎಂಬ ಸೆಟ್ಟಿಂಗುಗಳು ಎರಡೂ ಕಡೆ ಒಂದೇ ಆಗಿರಬೇಕು. ವೈರು 15 ಮೀಟರಿನೊಳಗಿರಲಿ. ಇಲ್ಲಿ ಎರಡನೆಯ ಹೆಜ್ಜೆಯ ಲೆಕ್ಕವನ್ನು ನೆನಪಿಸಿಕೊಳ್ಳಿ. 9600 ಬಾಡಿನಲ್ಲಿ ಸೆಕೆಂಡಿಗೆ ಹೋಗುವುದು ಸುಮಾರು 960 ಬೈಟ್, ಅಂದರೆ 120 ಕಿಲೋಬೈಟಿನ ಚಿತ್ರಕ್ಕೆ ಎರಡು ನಿಮಿಷಕ್ಕೂ ಮೇಲೆ ಹಿಡಿಯುತ್ತದೆ. ಹಾಗಾಗಿ ಕನ್ನಡದ ಹೆಸರು, ಲಾಂಛನ ಮುಂತಾದ ಬದಲಾಗದ ಚಿತ್ರಗಳನ್ನು ಮೊದಲೇ ಪ್ರಿಂಟರಿನ ನೆನಪಿನಲ್ಲಿ ಉಳಿಸಿ, ಪ್ರತಿ ಸಲ ತೂಕ ಮತ್ತು ದಿನಾಂಕವನ್ನಷ್ಟೇ ಕಳುಹಿಸುವಂತೆ ಲೇಬಲ್ಲನ್ನು ರಚಿಸಬೇಕು. ಹಳೆಯ ಅಗಲವಾದ ಪ್ಯಾರಲಲ್ ಕಿಂಡಿಗೆ ಇಂದು ಹೊಸದಾಗಿ ಹಣ ಹಾಕುವ ಕಾರಣವಿಲ್ಲ.

ಹೆಜ್ಜೆ 8: ಕೊಳ್ಳುವಾಗ ಕೇಳಬೇಕಾದ ಮಾತುಗಳು

ಒಂದೇ ಮಾದರಿಯ ಪ್ರಿಂಟರ್ ಯುಎಸ್‌ಬಿ ಮಾತ್ರ ಇರುವಂತೆಯೂ, ಯುಎಸ್‌ಬಿ ಜೊತೆ ಲ್ಯಾನ್ ಇರುವಂತೆಯೂ, ವೈಫೈ ಸೇರಿದಂತೆಯೂ ಬೇರೆಬೇರೆ ಬೆಲೆಗೆ ಬರುತ್ತದೆ. ಮಾದರಿಯ ಹೆಸರು ಒಂದೇ ಇರುವುದರಿಂದ ಮೋಸಹೋಗುವುದು ಸುಲಭ. ಪೂರ್ತಿ ಪಾರ್ಟ್ ನಂಬರನ್ನು ಬಿಲ್ಲಿನಲ್ಲಿ ಬರೆಸಿ, ಡಬ್ಬ ಬಿಚ್ಚಿಸಿ, ಹಿಂಬದಿಯ ಕಿಂಡಿಗಳನ್ನು ಕಣ್ಣಾರೆ ನೋಡಿ. ಲ್ಯಾನ್ ಅಥವಾ ವೈಫೈ ಕಾರ್ಡನ್ನು ಆಮೇಲೆ ಸೇರಿಸಬಹುದೇ ಎಂದು ಕೇಳಿ. ಚಿಕ್ಕ ಮೇಜಿನ ಪ್ರಿಂಟರುಗಳಲ್ಲಿ ಹೆಚ್ಚಾಗಿ ಉತ್ತರ ‘ಇಲ್ಲ’ ಎಂದೇ ಬರುತ್ತದೆ. ಇವತ್ತು ಯುಎಸ್‌ಬಿ ಸಾಕೆನಿಸಿದರೂ, ನಾಳೆ ಇನ್ನೊಂದು ಮೇಜು ಬರುವ ಸಾಧ್ಯತೆಯಿದ್ದರೆ ಯುಎಸ್‌ಬಿ ಮತ್ತು ಲ್ಯಾನ್ ಎರಡೂ ಇರುವುದನ್ನೇ ಕೊಳ್ಳಿ. ವೈಫೈಗೆ ಹೆಚ್ಚು ಹಣ ಕೊಡುವುದಕ್ಕಿಂತ ಲ್ಯಾನಿಗೆ ಕೊಡುವುದು ಮೇಲು ಎಂದು ನಾನು ಹತ್ತರಲ್ಲಿ ಎಂಟು ಜನರಿಗೆ ಹೇಳುತ್ತೇನೆ.

ನಿಮ್ಮ ಸಾಫ್ಟ್‌ವೇರ್ ಯಾವ ಆಜ್ಞಾಭಾಷೆಯಲ್ಲಿ ಕಳುಹಿಸುತ್ತದೆ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಪಿಂಪ್ರಿ-ಚಿಂಚ್ವಡದ ಮೋಟಾರು ಬಿಡಿಭಾಗದ ಘಟಕಗಳಿಗೆ ಮಾಲು ಕೊಳ್ಳುವ ದೊಡ್ಡ ಕಂಪೆನಿಯೇ ಲೇಬಲ್ಲಿನ ಮಾದರಿಯನ್ನು ಸಿದ್ಧ ಆಜ್ಞೆಗಳ ರೂಪದಲ್ಲಿ ಕೊಡುವುದುಂಟು. ಪ್ರಿಂಟರಿಗೆ ಆ ಭಾಷೆ ಬಾರದಿದ್ದರೆ, ಸಂಪರ್ಕ ಎಷ್ಟೇ ಸರಿಯಿದ್ದರೂ ಲೇಬಲ್ಲಿನ ಬದಲು ಆಜ್ಞೆಗಳೇ ಅಕ್ಷರಗಳಾಗಿ ಸಾಲುಗಟ್ಟಿ ಮುದ್ರಣವಾಗುತ್ತವೆ.

ಹೆಜ್ಜೆ 9: ಲ್ಯಾನ್ ಅಥವಾ ವೈಫೈ ಪ್ರಿಂಟರನ್ನು ಅಳವಡಿಸುವ ಕ್ರಮ

ಮೊದಲು ಪ್ರಿಂಟರಿನ ಕೈಪಿಡಿಯಲ್ಲಿ ಹೇಳಿದಂತೆ ಫೀಡ್ ಗುಂಡಿಯನ್ನು ಒತ್ತಿಹಿಡಿದು ಕಾನ್ಫಿಗರೇಷನ್ ಲೇಬಲ್ಲನ್ನು ಮುದ್ರಿಸಿ. ಅದರಲ್ಲಿ ಐಪಿ ವಿಳಾಸವೂ (ಜಾಲದಲ್ಲಿ ಪ್ರಿಂಟರಿಗೆ ಸಿಕ್ಕ ಸಂಖ್ಯೆ) ಮ್ಯಾಕ್ ವಿಳಾಸವೂ (ತಯಾರಕರು ಅದಕ್ಕೆ ಕೊಟ್ಟ ಗುರುತು) ಇರುತ್ತವೆ. ಐಪಿ ವಿಳಾಸವನ್ನು ರೂಟರ್ ತಾನಾಗಿ ಹಂಚುವುದರಿಂದ, ಕರೆಂಟು ಹೋಗಿ ಬಂದಾಗ ಅದು ಬದಲಾಗಿಬಿಡಬಹುದು. ‘ನಿನ್ನೆ ಸರಿಯಿತ್ತು, ಇವತ್ತು ಬರುತ್ತಿಲ್ಲ’ ಎಂದು ನನಗೆ ಬರುವ ಕರೆಗಳಲ್ಲಿ ದೊಡ್ಡ ಪಾಲು ಇದರದೇ. ಆದ್ದರಿಂದ ರೂಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಿ, ಆ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ವಿಳಾಸವನ್ನು, ಉದಾಹರಣೆಗೆ 192.168.1.200 ಎಂಬುದನ್ನು, ಕಾಯ್ದಿರಿಸಿ. ನಂತರ ಪ್ರಿಂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ, ಹೊಸ ಕಾನ್ಫಿಗರೇಷನ್ ಲೇಬಲ್ಲು ತೆಗೆದು ಅದೇ ವಿಳಾಸ ಬಂದಿದೆಯೇ ನೋಡಿ. ಬಂದಿದ್ದರೆ ಆ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಪ್ರಿಂಟರಿನ ಮೈಮೇಲೇ ಅಂಟಿಸಿ.

ಕಂಪ್ಯೂಟರಿನಲ್ಲಿ ಪ್ರಿಂಟರ್ ಸೇರಿಸುವಾಗ ವಿಂಡೋಸ್ ತಾನಾಗಿ ಹುಡುಕಿಕೊಟ್ಟದ್ದನ್ನು ಒಪ್ಪಿಕೊಳ್ಳಬೇಡಿ. ಅದು ಎಷ್ಟೋ ಸಲ ಡಬ್ಲ್ಯೂಎಸ್‌ಡಿ ಎಂಬ ಪೋರ್ಟನ್ನು (ಪ್ರಿಂಟರಿಗೆ ಮಾಹಿತಿ ಕಳುಹಿಸುವ ದ್ವಾರವನ್ನು) ಬಳಸುತ್ತದೆ, ಅದು ಆಗಾಗ ಕೈಕೊಡುತ್ತದೆ. ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟನ್ನು ನೀವೇ ಆರಿಸಿ, ಕಾಯ್ದಿರಿಸಿದ ವಿಳಾಸವನ್ನು ಬರೆದು, ಪೋರ್ಟ್ ಸಂಖ್ಯೆ 9100 ಇದೆಯೇ ನೋಡಿ. ಪ್ರಿಂಟರ್ ಚೆನ್ನಾಗಿದ್ದರೂ ಕಂಪ್ಯೂಟರ್ ‘ಆಫ್‌ಲೈನ್’ ಎಂದೇ ತೋರಿಸುತ್ತಿದ್ದರೆ ಅದೇ ಪೋರ್ಟಿನ ಸೆಟ್ಟಿಂಗಿನಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಎಂಬುದರ ಗುರುತು ತೆಗೆಯಿರಿ, ಬಹುತೇಕ ಸರಿಹೋಗುತ್ತದೆ.

ಈ 9100ನೆಯ ಪೋರ್ಟು ಗುರುತು, ಗುಪ್ತಪದ ಏನನ್ನೂ ಕೇಳದೆ ಬಂದದ್ದನ್ನೆಲ್ಲ ಮುದ್ರಿಸುತ್ತದೆ. ಮನೆಯಿಂದಲೇ ಮುದ್ರಿಸಬೇಕೆಂಬ ಆಸೆಗೆ ಬಿದ್ದು ರೂಟರಿನಲ್ಲಿ ಅದನ್ನು ಹೊರಜಗತ್ತಿಗೆ ತೆರೆದಿಡಬೇಡಿ, ಮತ್ತು ಪ್ರಿಂಟರಿನ ವೆಬ್ ಪುಟದ ಮೂಲ ಗುಪ್ತಪದವನ್ನು ಮೊದಲ ದಿನವೇ ಬದಲಿಸಿ.

ಹೆಜ್ಜೆ 10: ಕರೆಂಟು, ಮಳೆ, ಮತ್ತು ಎರಡನೆಯ ದಾರಿ

ಲ್ಯಾನಿನಲ್ಲಾಗಲಿ ವೈಫೈಯಲ್ಲಾಗಲಿ ಪ್ರಿಂಟರ್, ರೂಟರ್, ಕಂಪ್ಯೂಟರ್ ಮೂರೂ ಎಚ್ಚರವಿದ್ದರೆ ಮಾತ್ರ ಕೆಲಸ ನಡೆಯುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಇದ್ದು ರೂಟರಿಗಿಲ್ಲದಿದ್ದರೆ ಆ ಯುಪಿಎಸ್ಸಿನಿಂದ ಲೇಬಲ್ಲು ಬರುವುದಿಲ್ಲ. ರೂಟರಿಗೂ ನಡುವಿನ ಸ್ವಿಚ್ಚಿಗೂ ಚಿಕ್ಕ ಯುಪಿಎಸ್ ಹಾಕಿಸಿ. ಚಿಕ್ಕ ಲೇಬಲ್ ಪ್ರಿಂಟರುಗಳ ಅಡಾಪ್ಟರ್ ಹಲವು ಮಾದರಿಗಳಲ್ಲಿ 24 ವೋಲ್ಟ್, 2.5 ಆಂಪಿಯರಿನದು, ಅಂದರೆ 60 ವ್ಯಾಟ್. ಅದನ್ನೂ ಯುಪಿಎಸ್ಸಿಗೆ ಸೇರಿಸಬಹುದು. ಕರೆಂಟು ಮರಳಿದಾಗ ಕೆಲವು ಪ್ರಿಂಟರುಗಳು ತಾವಾಗಿ ಏಳುವುದಿಲ್ಲ, ಗುಂಡಿ ಒತ್ತಬೇಕಾಗುತ್ತದೆ. ಅದನ್ನು ಎತ್ತರದ ಕಪಾಟಿನಲ್ಲಿಡುವ ಮುನ್ನ ಒಮ್ಮೆ ಪ್ಲಗ್ ಕಿತ್ತು ಹಾಕಿ ನೋಡಿ.

ಮುದ್ರಣ ನಿಂತಾಗ ಹುಡುಕುವುದನ್ನು ಪ್ರಿಂಟರಿನಿಂದಲೇ ಆರಂಭಿಸಿ ಹಿಂದಕ್ಕೆ ಬನ್ನಿ. ಫೀಡ್ ಗುಂಡಿ ಒತ್ತಿದರೆ ಲೇಬಲ್ಲು ಮುಂದೆ ಬರುತ್ತದೆಯೇ, ಲ್ಯಾನ್ ಕಿಂಡಿಯ ದೀಪ ಮಿನುಗುತ್ತಿದೆಯೇ, ಕಂಪ್ಯೂಟರಿನಿಂದ ಆ ಐಪಿ ವಿಳಾಸಕ್ಕೆ ಪಿಂಗ್ ಮಾಡಿದರೆ (ಅಲ್ಲಿದ್ದೀಯಾ ಎಂದು ಕೇಳುವ ಆಜ್ಞೆ ಕೊಟ್ಟರೆ) ಉತ್ತರವಿದೆಯೇ, ವಿಂಡೋಸಿನ ಟೆಸ್ಟ್ ಪುಟ ಬರುತ್ತದೆಯೇ ಎಂದು ಒಂದೊಂದಾಗಿ ನೋಡಿದ ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರನ್ನು ಸಂಶಯಿಸಿ. ಜೂನ್ ಬಂದ ಮೇಲೆ ಮುಂಬೈಯಲ್ಲೂ ಗೋವಾದಲ್ಲೂ ತೇವಕ್ಕೆ ಲ್ಯಾನ್ ವೈರಿನ ತುದಿಯ ತಂತಿಗಳು ಹಸಿರುಗಟ್ಟುತ್ತವೆ. ಸಂಪರ್ಕ ಆಗಾಗ ಕಡಿಯುತ್ತಿದ್ದರೆ ತುದಿಯನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ.

ಕೊನೆಯದಾಗಿ, ಲ್ಯಾನಿನಲ್ಲೇ ನಡೆಯುತ್ತಿರುವ ಪ್ರಿಂಟರಿಗೂ ಒಂದು ಯುಎಸ್‌ಬಿ ವೈರನ್ನು ಡ್ರಾಯರಿನಲ್ಲಿ ಇಟ್ಟಿರಿ, ಒಂದು ಲ್ಯಾಪ್‌ಟಾಪಿನಲ್ಲಿ ಅದರ ಡ್ರೈವರನ್ನೂ ನಿಮ್ಮ ಲೇಬಲ್ಲಿನ ಕಡತಗಳನ್ನೂ ಮೊದಲೇ ಹಾಕಿಟ್ಟಿರಿ. ಚೌತಿ ಅಥವಾ ದೀಪಾವಳಿಗೆ ಹದಿನೈದು ದಿನ ಮುಂಚೆ, ಕೆಲಸದ ಒತ್ತಡ ಶುರುವಾಗುವ ಮೊದಲು, ಒಂದು ಮಧ್ಯಾಹ್ನ ರೂಟರನ್ನು ಆಫ್ ಮಾಡಿ, ಆ ಲ್ಯಾಪ್‌ಟಾಪನ್ನು ಪ್ಯಾಕಿಂಗ್ ಮೇಜಿಗೆ ಒಯ್ದು, ಹತ್ತು ಲೇಬಲ್ಲು ಮುದ್ರಿಸಿ ನೋಡಿ.